ಸರ್ವಜ್ಞನ ಕಪ್ಪರವೂ ಟ್ರಸ್ಟಿನ ಚಂದಾಪಟ್ಟಿಯೂ

ಹೊಂಬುಜದ ಸೀಮೆಯಲ್ಲಿ ಹುಟ್ಟಿ ಶಿಕಾರಿಪುರದ ಕಡೆಯಿಂದ ಹರಿದುಬರುವ ಕುಮುದ್ವತಿ ನದಿಯು ಮದಗದ ಕೆರೆಯನ್ನು ತುಂಬಿ ಮುಂದೆ ತುಂಗಭದ್ರೆಯನ್ನು ಸೇರುತ್ತದೆ. ಆ ಕೆರೆಯ ಹೆಸರಿನೊಡನೆಯೇ ಜನರ ಬಾಯಲ್ಲಿ ಸೇರಿಕೊಂಡಿರುವ ಮಾಸೂರು, ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಊರು. ಕನ್ನಡ ಸಾಹಿತ್ಯದಲ್ಲಿ ಈ ಊರಿಗೆ ಸ್ಥಾನ ದೊರೆತದ್ದು ಸರ್ವಜ್ಞನಿಂದ. ತಂದೆ ಮಾಸೂರಿನ ಬಸವರಸ, ತಾಯಿ ಅಂಬಲೂರಿನ ಕುಂಬಾರ ಮಾಳಿ ಎಂದು ಅವನ ಅಂಕಿತದಲ್ಲಿರುವ ಜನ್ಮವೃತ್ತಾಂತದ ತ್ರಿಪದಿಗಳು ಹೇಳುತ್ತವೆ. ಅಂಬಲೂರೆಂದರೆ ಇಂದಿನ ಅಬಲೂರು. ಜೈನ ಸಮಾಜದ ನೆನಪಿನಲ್ಲಿ ಆ ಊರಿಗೆ ಇನ್ನೊಂದು ಸ್ಥಾನವೂ ಇದೆ. ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ವಿವಾದವನ್ನು ವರ್ಣಿಸುವ ಶಾಸನವಿರುವುದು ಅಲ್ಲಿಯ ಸೋಮೇಶ್ವರ ದೇವಾಲಯದಲ್ಲಿ. ಆ ಹಳೆಯ ನೋವಿನ ನೆಪದಿಂದ ಅದೇ ಮಣ್ಣಿನ ಕವಿಯನ್ನು ದೂರವಿಡುವುದು ಅನೇಕಾಂತವನ್ನು ಬಲ್ಲವರಿಗೆ ಒಪ್ಪತಕ್ಕ ಮಾತಲ್ಲ. ವಸ್ತುತಃ ಶ್ರಾವಕರು ಅವನನ್ನು ದೂರವಿಟ್ಟಿಲ್ಲ. ಅನ್ನಸಂತರ್ಪಣೆಯ ಮನವಿಪತ್ರ, ರಸೀದಿ ಪುಸ್ತಕ, ಬಸದಿಯ ಭೋಜನಶಾಲೆಯ ಗೋಡೆ, ಇವುಗಳ ಮೇಲೆ ಅವನ ತ್ರಿಪದಿಗಳು ಧಾರಾಳವಾಗಿ ಅಚ್ಚಾಗುತ್ತವೆ.

ಅಚ್ಚಾಗುವ ತ್ರಿಪದಿಗಳಾದರೋ ಎರಡೋ ಮೂರೋ. ಅನ್ನಕ್ಕೆ ಮಿಗಿಲಾದ ದಾನವಿಲ್ಲವೆಂಬುದು ಒಂದು. ಕೊಟ್ಟದ್ದು ಕೊಟ್ಟವನಿಗೇ ಉಳಿಯುವುದು, ಬಚ್ಚಿಟ್ಟದ್ದು ಬೇರೆಯವರ ಪಾಲಾಗುವುದು ಎಂಬರ್ಥದ್ದು ಇನ್ನೊಂದು. ಇವೆರಡೂ ದಾನಿಯ ಕಿವಿಗೆ ಹಿತವಾದವು. ಎರಡನೆಯದರಲ್ಲಿ ಕೊಟ್ಟ ಹಣವು ಮುಂದಿನ ಪಯಣಕ್ಕೆ ಕಟ್ಟಿಟ್ಟ ಬುತ್ತಿಯಾಗುತ್ತದೆ. ಅಂಗಡಿಯಲ್ಲಿ ಕುಳಿತವನಿಗೆ ಈ ಭಾಷೆ ಬೇಗ ತಿಳಿಯುತ್ತದೆ. ಖರ್ಚು ಎಂದು ಬರೆದದ್ದು ಠೇವಣಿಯ ಪುಟಕ್ಕೆ ವರ್ಗವಾಯಿತೆಂದರೆ ಯಾವ ವ್ಯಾಪಾರಿಗೆ ಸಂತೋಷವಾಗದು? ಆದರೆ ಈ ಲೆಕ್ಕದಲ್ಲಿ ಉಣ್ಣುವವನ ಹೆಸರಿನ ಖಾತೆಯೇ ಇಲ್ಲ. ಅವನು ಹಣ ಜಮೆಯಾಗಲು ಬೇಕಾದ ಒಂದು ಕಿಟಕಿ ಮಾತ್ರ.

ಸರ್ವಜ್ಞನ ದಾನವಿಚಾರವೆಲ್ಲ ಇಷ್ಟೇ ಎಂದು ತಿಳಿದರೆ ಅವನಿಗೆ ಅನ್ಯಾಯವಾಗುತ್ತದೆ. ಇವುಗಳ ಪಕ್ಕದಲ್ಲಿಯೇ ಬೇರೊಂದು ಗುಂಪಿನ ತ್ರಿಪದಿಗಳಿವೆ. ಕೈಯಲ್ಲಿ ತಿರಿಯುವ ಕಪ್ಪರವಿದೆ, ತಿರುಗಲು ವಿಶಾಲವಾದ ನಾಡಿದೆ, ಕಾಯಲು ಹರನಿದ್ದಾನೆ, ತನಗಿಂತ ಶ್ರೀಮಂತರು ಯಾರೆಂದು ಕೇಳುವ ತ್ರಿಪದಿಯು ಪ್ರಸಿದ್ಧವಾದುದು. ಇಲ್ಲಿ ಮಾತನಾಡುತ್ತಿರುವವನು ದಾನಿಯಲ್ಲ, ಮನೆಯಿಲ್ಲದವನು. ಅವನು ಕೃತಜ್ಞತೆಯಿಂದ ಬಾಗಿಲ್ಲ, ಯಾರಿಗೂ ಪುಣ್ಯದ ರಸೀದಿ ಬರೆದುಕೊಟ್ಟಿಲ್ಲ. ಕಡು ಬಡತನವನ್ನು ಸಿರಿಯೆಂದು ಕರೆಯುವ ಆ ಮಾತಿನಲ್ಲಿ ವಿನೋದವಿದೆ, ಸ್ವಲ್ಪ ಬಿಗುಮಾನವೂ ಇದೆ. ಯಾವ ಮನವಿಪತ್ರದ ಮೇಲೆಯೂ ಈ ತ್ರಿಪದಿ ಕಾಣಿಸದಿರುವುದು ಆಕಸ್ಮಿಕವಲ್ಲ. ಅದನ್ನು ಅಚ್ಚು ಹಾಕಿದರೆ ಚಂದಾ ಬರುವುದು ಕಷ್ಟ.

ಇನ್ನೊಂದು ತ್ರಿಪದಿಯಲ್ಲಿ ಬೆಳವಲ ಸೀಮೆಯ ಊಟದ ವರ್ಣನೆಯಿದೆ: ಜೋಳದ ಅಡುಗೆ, ಅದಕ್ಕೆ ಬೇಳೆಯ ತೊವ್ವೆ, ಕರಿ ಎಮ್ಮೆಯ ಹೈನು. ವಿಮರ್ಶಕರು ಇದನ್ನು ನಾಡಿನ ವರ್ಣನೆಯೆಂದು ಓದುವುದುಂಟು. ಮನೆ ಮನೆ ತಿರಿದು ಉಂಡವನ ಮಾತೆಂದು ಓದಿದರೆ ಅರ್ಥ ಬದಲಾಗುತ್ತದೆ. ತಿರಿದುಂಡವನಿಗೂ ನಾಲಗೆಯಿತ್ತು, ಯಾವುದಕ್ಕೆ ಯಾವುದು ಕೂಡಿದರೆ ರುಚಿ ಎಂಬ ವಿವೇಕ ಅವನಿಗಿತ್ತು. ಬೇಡುವವನು ಸಿಕ್ಕಿದ್ದನ್ನು ತಿನ್ನಬೇಕು ಎಂಬ ಲೋಕದ ನಡೆಯನ್ನು ಆ ಮೂರು ಸಾಲುಗಳು ಸದ್ದಿಲ್ಲದೆ ಅಲ್ಲಗಳೆಯುತ್ತವೆ. ಮದುವೆಯ ಮನೆಯಲ್ಲಿ ಮಿಕ್ಕು ಮಧ್ಯಾಹ್ನಕ್ಕೇ ಹಳಸಲಾರಂಭಿಸಿದ ಅನ್ನವನ್ನು ಸಂಜೆ ಬಸ್ ನಿಲ್ದಾಣದಲ್ಲಿ ಹಂಚಿ, ಅದನ್ನು ವಾರ್ಷಿಕ ವರದಿಯಲ್ಲಿ ಅನ್ನದಾನವೆಂದು ನಮೂದಿಸುವವರು ಈ ತ್ರಿಪದಿಯನ್ನು ಒಮ್ಮೆ ಓದಿಕೊಳ್ಳಬೇಕು.

ಇಲ್ಲಿ ಪಾಠದ ಪ್ರಶ್ನೆಯೊಂದು ಅಡ್ಡಬರುತ್ತದೆ. ಸರ್ವಜ್ಞನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಅವನ ಪದಗಳು ಬಹುಕಾಲ ಬಾಯಿಂದ ಬಾಯಿಗೆ ಹರಿದುಬಂದವು. ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಧರ್ಮಬೋಧಕರಾಗಿದ್ದುಕೊಂಡು ಬಹಳ ಶ್ರಮದಿಂದ ಅವುಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. (ಶೈವ ಸಂಪ್ರದಾಯದ ಕವಿಯ ಪದಗಳನ್ನು ಕ್ರೈಸ್ತರೊಬ್ಬರು ಕಾಪಾಡಿಕೊಟ್ಟದ್ದು ಈ ನಾಡಿನ ಹಿರಿಮೆಗಳಲ್ಲಿ ಒಂದು.) ಸರ್ವಜ್ಞ ಎಂಬ ಅಂಕಿತವನ್ನು ಕೊನೆಗಿಟ್ಟು ಯಾರು ಬೇಕಾದರೂ ಒಂದು ತ್ರಿಪದಿ ಕಟ್ಟಬಹುದಾಗಿದ್ದುದರಿಂದ ಪ್ರಕ್ಷೇಪಗಳು ಹೇರಳವಾಗಿ ಸೇರಿವೆ. ಹಾಗಾದರೆ ದಾನಿಯ ಪರವಾದ ತ್ರಿಪದಿಗಳು ಪ್ರಕ್ಷಿಪ್ತ, ತಿರಿಯುವವನ ಪರವಾದವು ಮೂಲದವು ಎಂದು ವಿಂಗಡಿಸಲು ಬಂದೀತೆ? ಬಾರದು. ಅಂಥ ವಿಂಗಡಣೆಗೆ ಆಧಾರವಿಲ್ಲ. ಒಬ್ಬನೇ ಕವಿಯು ಎರಡನ್ನೂ ಹೇಳಿರಬಹುದು. ಕೇಳಬಹುದಾದ ಪ್ರಶ್ನೆ ಇಷ್ಟು: ಎರಡು ದನಿಗಳಿರುವಾಗ ಓದುಗ ಸಮಾಜವು ಒಂದನ್ನೇ ಆರಿಸಿಕೊಂಡು ಇನ್ನೊಂದನ್ನು ಏಕೆ ಮರೆಯಿತು?

ತಮಿಳಿನ ತಿರುಕ್ಕುರಳಿನಲ್ಲಿ ಹಾಗೆ ಮರೆಯಲು ಅವಕಾಶವಿಲ್ಲ. ತಿರುವಳ್ಳುವರನನ್ನು ಜೈನನೆಂದು ಹೇಳುವ ಸಂಪ್ರದಾಯವೊಂದಿದೆ. ಅದರ ಚರ್ಚೆ ಇಲ್ಲಿ ಬೇಡ. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರನ ಪ್ರತಿಮೆಯೂ ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಾಗ ಇಬ್ಬರ ಹೋಲಿಕೆಯ ಮಾತು ಬಹಳವಾಗಿ ಕೇಳಿಬಂದಿತು. ಒಂದು ವ್ಯತ್ಯಾಸ ಮಾತ್ರ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಕುರಳಿನ 133 ಅಧಿಕಾರಗಳಲ್ಲಿ ಈವುದಕ್ಕೆ ಒಂದು ಅಧಿಕಾರ ಮೀಸಲಾದರೆ, ಬೇಡುವುದಕ್ಕೆ ಒಂದು, ಬೇಡುವ ಭಯಕ್ಕೆ ಇನ್ನೊಂದು, ಹೀಗೆ 106 ಮತ್ತು 107ನೆಯ ಅಧಿಕಾರಗಳೆರಡು ಮೀಸಲಾಗಿವೆ. ಬೇಡಿಯೇ ಬದುಕಬೇಕೆಂಬುದು ಲೋಕದ ಕಟ್ಟಳೆಯಾಗಿದ್ದರೆ ಆ ಕಟ್ಟಳೆ ಮಾಡಿದವನೂ ಅಲೆದು ಕೆಡಲಿ ಎಂಬ ಕಠೋರವಾದ ಮಾತು ಅಲ್ಲಿದೆ. ಸೃಷ್ಟಿಕರ್ತನನ್ನು ಒಪ್ಪದ ಜೈನನಿಗೆ ಆ ಶಾಪ ಯಾರಿಗೆ ತಾಗಬೇಕೆಂಬ ತೊಡಕು ಉಂಟಾಗುತ್ತದೆ. ಕರ್ತನಿಲ್ಲವೆಂದ ಮೇಲೆ ಅದು ಸುತ್ತಿ ಬಂದು ಮನುಷ್ಯರ ಬಾಗಿಲಲ್ಲೇ ನಿಲ್ಲಬೇಕಷ್ಟೆ.

ಇದಕ್ಕೆ ಶ್ರಾವಕರಲ್ಲಿ ಕೆಲವರು ಕೊಡುವ ಉತ್ತರ ಎಲ್ಲರಿಗೂ ತಿಳಿದದ್ದೇ. ಮನೆಯಿಲ್ಲದಿರುವುದು ಅವರವರ ಅಸಾತಾವೇದನೀಯದ ಉದಯ. ಶಾಸ್ತ್ರವು ಹೇಳುವುದು ಪಾತ್ರದಾನವನ್ನು. ಬೀದಿಯಲ್ಲಿ ಮಲಗಿದವನು ಕುಡುಕನೋ ಕಳ್ಳನೋ ಯಾರು ಬಲ್ಲರು? ಈ ವಾದವನ್ನು ಶಾಸ್ತ್ರದ ಬಲದಿಂದಲೇ ಪರೀಕ್ಷಿಸಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣ, ಆವಾಸವೆಂದು ನಾಲ್ಕು ಬಗೆಯ ದಾನವನ್ನು ಹೇಳಿರುವುದು ವೈಯಾವೃತ್ಯದ ಪ್ರಕರಣದಲ್ಲಿ, ಅಂದರೆ ಮುಖ್ಯವಾಗಿ ಸಂಯಮಿಗಳ ಸೇವೆಯನ್ನು ಕುರಿತು, ಎಂಬುದು ನಿಜ. ಅದನ್ನು ನೇರವಾಗಿ ಬೀದಿಯ ಅನಾಥನಿಗೆ ಅನ್ವಯಿಸುವುದು ಪ್ರಾಮಾಣಿಕತೆಯಾಗದು. ಆದರೆ ಶಾಸ್ತ್ರ ಅಷ್ಟಕ್ಕೇ ನಿಂತಿಲ್ಲ. ಜಿನಸೇನಾಚಾರ್ಯರು ದತ್ತಿಯನ್ನು ನಾಲ್ಕಾಗಿ ವಿಭಜಿಸುವಾಗ ಪಾತ್ರದತ್ತಿಗಿಂತ ಮೊದಲು ದಯಾದತ್ತಿಯನ್ನು ಎಣಿಸಿದ್ದಾರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸಾತಾವೇದನೀಯದ ಆಸ್ರವಕಾರಣಗಳನ್ನು ಹೇಳುವಾಗ ಅನುಕಂಪಕ್ಕೆ ವಿಷಯರಾದವರು ಎರಡು ವರ್ಗ: ಭೂತಗಳು ಮತ್ತು ವ್ರತಿಗಳು. ವ್ರತಿಗಳಿಗೆ ಮಾತ್ರವೇ ಅನುಕಂಪವೆಂದಿದ್ದರೆ ಸೂತ್ರಕಾರರು ಭೂತ ಎಂಬ ಮೊದಲ ಪದವನ್ನು ಇಡಬೇಕಾಗಿರಲಿಲ್ಲ. ಎದುರಿಗಿರುವವನ ಅಸಾತದ ಉದಯವು ನೋಡುವವನಿಗೆ ಸಾತದ ಬಂಧಕ್ಕೆ ಸಂದರ್ಭವೇ ಹೊರತು ಮುಖ ತಿರುಗಿಸಲು ಸಮ್ಮತಿಯಲ್ಲ. ಗಾಯಗೊಂಡ ಹಸುವಿಗೆ ಪಾಂಜರಪೋಳದಲ್ಲಿ ಹುಲ್ಲು ಹಾಕುವಾಗ ಅದರ ನಡತೆಯ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲವಲ್ಲ! ಜೀವದಯೆಯ ನಿಧಿಗೆ ಹಣ ಬೇಗ ಕೂಡುವುದು ಸಮಾಜಕ್ಕೆ ಭೂಷಣವೇ. ಅದೇ ಜೀವದಯೆ ಪಂಚೇಂದ್ರಿಯ ಮನುಷ್ಯನ ಬಳಿ ಬಂದಾಗ ವಿಚಾರಣೆಗೆ ಕೂರುವುದೇಕೆಂಬುದು ಯೋಚಿಸತಕ್ಕದ್ದು.

ಇಷ್ಟನ್ನು ಒಪ್ಪಿದ ಟ್ರಸ್ಟಿಗೆ ಮುಂದಿನ ಪ್ರಶ್ನೆ ಹಣದ್ದು. ಇಲ್ಲಿ ಸರ್ವಜ್ಞನ ಮತ್ತೊಂದು ಪ್ರಸಿದ್ಧ ತ್ರಿಪದಿಯು ಸಾಹಿತ್ಯವಿಮರ್ಶೆಗಿಂತ ಲೆಕ್ಕಪರಿಶೋಧನೆಗೆ ಹೆಚ್ಚು ಉಪಯುಕ್ತವಾಗಿದೆ. ಬಾಯಿಬಿಡದೆ ಕೈ ನೀಡುವವನಿಗೆ ಮೊದಲ ಸ್ಥಾನ, ನುಡಿದ ಮೇಲೆ ನೀಡುವವನಿಗೆ ಎರಡನೆಯದು, ನುಡಿಯಲ್ಲೇ ನಿಂತವನಿಗೆ ಕೊನೆಯದು ಎಂದು ಅದು ದಾನಿಗಳನ್ನು ಮೂರು ತರಗತಿ ಮಾಡುತ್ತದೆ. ಒಂದು ಪಾಠದಲ್ಲಿ ಕೊಡುವ ಮಾತಿದ್ದರೆ ಇನ್ನೊಂದರಲ್ಲಿ ಮಾಡುವ ಮಾತಿದೆ. ದಾನದ ಸಂದರ್ಭಕ್ಕೆ ಎರಡೂ ಸಲ್ಲುತ್ತವೆ. ಮೊದಲ ತರಗತಿಯವರನ್ನು ನಂಬಿ ಯೋಜನೆ ಹಾಕಲು ಬಾರದು, ಏಕೆಂದರೆ ಅವರು ಯಾರೆಂದು ತಿಳಿಯದು. ಚಂದಾಪಟ್ಟಿಯೆಂಬುದು ಇರುವುದೇ ಎರಡನೆಯ ತರಗತಿಯವರಿಗಾಗಿ. ಅಪಾಯವಿರುವುದು ಮೂರನೆಯ ತರಗತಿಯಲ್ಲಿ. ಮಹಾವೀರ ಜಯಂತಿಯ ವೇದಿಕೆಯ ಮೇಲೆ ಚಪ್ಪಾಳೆಗಳ ನಡುವೆ ಘೋಷಿತವಾದ ಮೊತ್ತವನ್ನು ಆದಾಯವೆಂದು ತಿಳಿದು ಅಡುಗೆಯವರನ್ನು ನೇಮಿಸಿ ನೂರು ಜನರಿಗೆ ಊಟ ಆರಂಭಿಸಿದರೆ, ನಾಲ್ಕನೆಯ ತಿಂಗಳಿಗೆ ಕಿರಾಣಿ ಅಂಗಡಿಯ ಬಾಕಿಯಿಂದ ಒಲೆ ಆರುತ್ತದೆ. ವ್ಯಾಪಾರದಲ್ಲಿ ಬಾರದ ಬಾಕಿಯಿಂದ ನಷ್ಟವಾಗುವುದು ಅಂಗಡಿಯವನಿಗೆ. ಇಲ್ಲಿ ನಷ್ಟವಾಗುವುದು, ಆ ಊಟವನ್ನು ನಂಬಿ ಬೇರೆ ಬಾಗಿಲುಗಳನ್ನು ಬಿಟ್ಟುಬಂದವನಿಗೆ. ಆದುದರಿಂದ ವಸೂಲಾದ ಹಣದ ಅಳತೆಗೆ ತಕ್ಕಂತೆ ಎಲೆ ಹಾಕುವುದು, ಘೋಷಣೆಯ ಅಳತೆಗಲ್ಲ, ಎಂಬ ನಿಯಮವನ್ನು ಟ್ರಸ್ಟುಗಳು ಠರಾವಿನಲ್ಲಿಯೇ ಬರೆದುಕೊಳ್ಳಬೇಕು.

ಶಾಶ್ವತ ಅನ್ನದಾನವೆಂಬ ಹೆಸರಿನ ನಿಧಿಗಳ ಕಥೆ ಇನ್ನೂ ವಿಚಿತ್ರ. ಉದಾಹರಣೆಗೆ, ಬಹಳ ವರ್ಷಗಳ ಹಿಂದೆ ಒಬ್ಬರು 1,001 ರೂಪಾಯಿ ಮೂಲಧನವಿಟ್ಟು, ಅದರ ಬಡ್ಡಿಯಲ್ಲಿ ಪ್ರತಿವರ್ಷ ತಮ್ಮ ತಂದೆಯವರ ಪುಣ್ಯತಿಥಿಯಂದು ಊಟ ಹಾಕಬೇಕೆಂದು ಬರೆಸಿದರೆಂದು ಇಟ್ಟುಕೊಳ್ಳೋಣ. ನೂರಕ್ಕೆ ಹತ್ತರಂತೆ 100 ರೂಪಾಯಿ ಬಡ್ಡಿ. ಊಟಕ್ಕೆ 5 ರೂಪಾಯಿಯಿದ್ದ ಕಾಲದಲ್ಲಿ ಇಪ್ಪತ್ತು ಜನ ಉಂಡರು. ಬಡ್ಡಿ ಆರೂವರೆಗೆ ಇಳಿದು ಊಟದ ವೆಚ್ಚ 40ಕ್ಕೆ ಏರಿದಾಗ ಆ ಶಾಶ್ವತದಲ್ಲಿ ಇಬ್ಬರು ಪೂರ್ತಿ ಉಣ್ಣಲಾರರು. ಆದರೂ ಕಲ್ಲಿನ ಮೇಲಿನ ಹೆಸರು ಹಾಗೆಯೇ ಇದೆ, ಪಂಚಾಂಗದ ಆ ದಿನ ಭರ್ತಿಯಾಗಿದೆಯೆಂದೇ ದಾಖಲೆ ಹೇಳುತ್ತದೆ. ಹಳೆಯ ಬಸದಿಗಳ ಶಾಸನಗಳನ್ನು ಓದಿದವರಿಗೆ ಹಿರಿಯರು ಈ ವಿಷಯದಲ್ಲಿ ಎಷ್ಟು ಜಾಣರಾಗಿದ್ದರೆಂದು ತಿಳಿಯುತ್ತದೆ. ಪೂಜೆಗೆ, ಜೀರ್ಣೋದ್ಧಾರಕ್ಕೆ, ಋಷಿಗಳ ಆಹಾರದಾನಕ್ಕೆ ಅವರು ಹೆಚ್ಚಾಗಿ ಬಿಟ್ಟದ್ದು ಮತ್ತರು ಲೆಕ್ಕದ ಭೂಮಿಯನ್ನು, ತೋಟವನ್ನು, ಗಾಣದ ಎಣ್ಣೆಯನ್ನು. ದವಸದ ಬೆಲೆ ಏರಿದರೂ ಹೊಲದಲ್ಲಿ ಬೆಳೆಯುವುದು ದವಸವೇ. ಇಂದು ಭೂಮಿ ಬಿಡುವವರು ವಿರಳ. ಆದರೆ ಮೂಲಧನದ ಬಡ್ಡಿಯ ಒಂದು ಪಾಲನ್ನು ಪ್ರತಿವರ್ಷ ಮೂಲಧನಕ್ಕೇ ಸೇರಿಸುವ, ಹತ್ತು ವರ್ಷಕ್ಕೊಮ್ಮೆ ದಾನಿಯ ಮನೆಯವರಿಗೆ ಲೆಕ್ಕ ಕಳುಹಿಸಿ ಕೊರತೆಯನ್ನು ತಿಳಿಸುವ ಪದ್ಧತಿಗೆ ಯಾವ ಅಡ್ಡಿಯೂ ಇಲ್ಲ. ಸಂಕೋಚವೊಂದೇ ಅಡ್ಡಿ.

ಹೆಸರಿನ ಆಸೆಯನ್ನು ಶಾಸ್ತ್ರಕಾರರು ಅರಿಯದವರಲ್ಲ. ದಾನಕ್ಕೆ ಸಂಬಂಧಿಸಿದ ಶಿಕ್ಷಾವ್ರತದ ಅತಿಚಾರಗಳಲ್ಲಿ ಮಾತ್ಸರ್ಯವನ್ನು ಸಮಂತಭದ್ರರೂ ಎಣಿಸಿದ್ದಾರೆ, ತತ್ತ್ವಾರ್ಥಸೂತ್ರಕಾರರೂ ಎಣಿಸಿದ್ದಾರೆ. ಬೇರೆ ದಾನಿಯನ್ನು ಸಹಿಸದೆ, ಅವನಿಗಿಂತ ತಾನು ಕಡಿಮೆಯೇ ಎಂದು ಕೊಡುವುದು ಆ ದೋಷ. ಕಲಶಕ್ಕೆ, ಅಭಿಷೇಕಕ್ಕೆ ಸವಾಲು ಹಾಕಿ ಹಣ ಕೂಡಿಸುವ ಪದ್ಧತಿಯು ನಿಂತಿರುವುದು ಬಹುಮಟ್ಟಿಗೆ ಇದೇ ಮಾತ್ಸರ್ಯದ ಮೇಲೆ ಎಂದರೆ ಕೆಲವರಿಗೆ ಬೇಸರವಾದೀತು. ಆ ಪದ್ಧತಿಯಿಂದ ಆಸ್ಪತ್ರೆ, ವಿದ್ಯಾಲಯಗಳಾಗಿವೆ ಎಂಬುದನ್ನು ಮರೆಯಬಾರದು. ಆದರೆ ಕಲಶದ ಸವಾಲಿಗೂ ಅನ್ನದ ಸವಾಲಿಗೂ ಒಂದು ಭೇದವಿದೆ. ಕಲಶಾಭಿಷೇಕ ಒಂದು ದಿನದ್ದು, ಹಸಿವು ಪ್ರತಿದಿನದ್ದು. ಸವಾಲಿನಿಂದ ಬರುವ ಹಣ ಹಬ್ಬದ ದಿನಗಳಿಗೆ ರಾಶಿ ಬೀಳುತ್ತದೆ. ಜಯಂತಿಯ ದಿನ ಒಬ್ಬನಿಗೆ ಮೂರು ಕಡೆ ಲಾಡು, ಮರುವಾರ ಎಲ್ಲಿಯೂ ಗಂಜಿಯಿಲ್ಲ. ದೊಡ್ಡ ಮೊತ್ತದ ಹತ್ತು ದಾನಿಗಳಿಗಿಂತ ತಿಂಗಳಿಗೆ ಇನ್ನೂರು ರೂಪಾಯಿಯನ್ನು ತಪ್ಪದೆ ಕೊಡುವ ಮುನ್ನೂರು ಮನೆಗಳು ಇಂಥ ಕಾರ್ಯಕ್ಕೆ ಹೆಚ್ಚು ಬೇಕು. ವರ್ಷಕ್ಕೆ 7,20,000 ರೂಪಾಯಿ, ಯಾರ ಹೆಸರಿಗೂ ಕಲ್ಲು ಕೆತ್ತಿಸಬೇಕಾಗಿಲ್ಲ.

ಒತ್ತಾಯದಿಂದ ಹಣ ಕೂಡಿಸಿದರೆ ಈ ತೊಡಕುಗಳೆಲ್ಲ ತಪ್ಪುತ್ತವೆಂದು ಭಾವಿಸುವವರಿಗೆ ಕರ್ನಾಟಕದಲ್ಲಿಯೇ ಒಂದು ದೃಷ್ಟಾಂತವಿದೆ. 1975ರ ಭಿಕ್ಷಾಟನೆ ನಿಷೇಧ ಕಾಯಿದೆಯ ಮೇರೆಗೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಡನೆ ನೂರಕ್ಕೆ ಮೂರರಂತೆ ಭಿಕ್ಷುಕರ ಕರವನ್ನು ವಸೂಲು ಮಾಡುತ್ತವೆ. ಅಂಗಡಿ, ಮನೆ ಇರುವ ಶ್ರಾವಕರೆಲ್ಲ ತಿಳಿದೋ ತಿಳಿಯದೆಯೋ ಇದರ ದಾನಿಗಳೇ. ವಸೂಲಾದ ಹಣ ಪರಿಹಾರ ಸಮಿತಿಗೆ ಪೂರ್ತಿಯಾಗಿ ತಲುಪದೆ ಬಾಕಿ ಬೆಳೆಯುತ್ತ ಹೋದದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದ ಸಂಗತಿ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಹಣ ಕೊಟ್ಟವರು ಲಕ್ಷಾಂತರ ಜನ; ಆ ಅನ್ನವನ್ನು ಒಮ್ಮೆ ಹೋಗಿ ನೋಡಿದವರು ಎಷ್ಟು ಮಂದಿ? ಅನಾದರ, ಅಸ್ಮರಣ ಎಂಬ ಎರಡು ಅತಿಚಾರಗಳನ್ನು ಸಮಂತಭದ್ರರು ಹೇಳಿದ್ದಾರೆ. ಕೊಡುವುದರಲ್ಲಿ ಆದರವಿಲ್ಲದಿರುವುದು, ಕೊಡಬೇಕಾದುದನ್ನು ಮರೆಯುವುದು. ಆ ಕೇಂದ್ರದ ವೃತ್ತಾಂತಕ್ಕೆ ಇವೆರಡನ್ನು ಬಿಟ್ಟು ಬೇರೆ ವ್ಯಾಖ್ಯಾನ ಬೇಕಾಗಿಲ್ಲ.

ಇದಕ್ಕೆ ಪ್ರತಿಯಾಗಿ 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನನ್ನು ನೋಡಬಹುದು. ರಾಜಕೀಯದ ಮಾತು ಹಾಗಿರಲಿ. ಆರಂಭದಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಇಟ್ಟದ್ದರಿಂದ ವೆಚ್ಚ ಹುಟ್ಟುವುದಿಲ್ಲವೆಂಬುದು ಯಾವ ವರ್ತಕನಿಗಾದರೂ ತಿಳಿಯುತ್ತದೆ. ಆದರೆ ಐದು ರೂಪಾಯಿ ಕೊಟ್ಟವನು ಗಿರಾಕಿಯಾಗುತ್ತಾನೆ. ಸಾರಿಗೆ ಉಪ್ಪು ಸಾಲದೆಂದು ಹೇಳುವ ಹಕ್ಕು ಅವನಿಗೆ ಬರುತ್ತದೆ. ಕಪ್ಪರ ಹಿಡಿದು ತನಗಿಂತ ಸಿರಿವಂತರಾರೆಂದು ಕೇಳಿದವನ ಬಿಗುಮಾನಕ್ಕೆ ಇದು ಹತ್ತಿರವಾದುದು. ಐದು ರೂಪಾಯಿಯೂ ಇಲ್ಲದವನಿಗೆ ಆ ಬಾಗಿಲೂ ಮುಚ್ಚಿದಂತೆಯೇ. ಆ ಕೊರತೆಯನ್ನು ತುಂಬಲು ಟ್ರಸ್ಟುಗಳಿಗೆ ಅವಕಾಶವಿದೆ. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆ ಮನೆತನದ ಆಡಳಿತದಲ್ಲಿ ನಡೆದುಬಂದಿರುವ ಅನ್ನದಾನವು ಉಣ್ಣುವವನ ಜಾತಿಮತಗಳನ್ನು ಕೇಳದಿರುವುದು, ಯಾತ್ರಿಕ, ನಿರ್ಗತಿಕ ಎಂಬ ಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಇದೇ ಗೌರವದ ಇನ್ನೊಂದು ದಾರಿ. ಸಾಲಿನಲ್ಲಿ ಕುಳಿತವರ ಛಾಯಾಚಿತ್ರ ತೆಗೆದು ದಾನಿಯ ಮನೆಗೆ ಕಳುಹಿಸುವ ಇತ್ತೀಚಿನ ಅಭ್ಯಾಸವು ಈ ಎರಡು ದಾರಿಗಳಲ್ಲಿ ಯಾವುದಕ್ಕೂ ಸೇರದು.

ಇನ್ನು ಹೊತ್ತಿನ ವಿಚಾರ. ಕಾಲಾತಿಕ್ರಮವೆಂಬುದೂ ತತ್ತ್ವಾರ್ಥಸೂತ್ರ ಹೇಳುವ ಅತಿಚಾರ. ಯೋಗ್ಯ ಕಾಲವನ್ನು ಮೀರಿ ಆಹಾರ ನೀಡುವುದು. ಬೀದಿಯಲ್ಲಿ ಬದುಕುವವರು ಸಂತೆ, ಹೋಟೆಲು, ಲಾರಿ ನಿಲ್ದಾಣಗಳ ಕೆಲಸ ಮುಗಿಸಿ ಒಂದೆಡೆ ಸೇರುವುದು ರಾತ್ರಿ. ರಾತ್ರಿಭೋಜನತ್ಯಾಗವನ್ನು ಪಾಲಿಸುವ ಟ್ರಸ್ಟು ಆ ಹೊತ್ತಿಗೆ ಒಲೆ ಹಚ್ಚಲಾರದು, ಹಚ್ಚಬೇಕೆಂದು ಹೇಳುವುದೂ ಉಚಿತವಲ್ಲ. ಸಂಜೆ ಐದಕ್ಕೇ ಪೊಟ್ಟಣ ಹಂಚಿದರೆ ಉಣ್ಣಬೇಕಾದವನು ಅಲ್ಲಿರುವುದಿಲ್ಲ. ವ್ರತ ದಾನಿಯದು, ಹಸಿವು ಇನ್ನೊಬ್ಬನದು. ಒಂದರಿಂದ ಇನ್ನೊಂದಕ್ಕೆ ಬಾಧೆಯಾಗಬಾರದೆಂದರೆ ಸೂರ್ಯೋದಯದ ಅನಂತರದ ಮೊದಲ ಊಟವೇ ಸರಿಯಾದ ಹೊತ್ತು. ರಾತ್ರಿ ತಂಪಿನಲ್ಲಿ ಮಲಗಿ ಎದ್ದವನಿಗೆ, ಕೂಲಿ ಸಿಗುವ ಮೊದಲು ಕಾಸಿಲ್ಲದವನಿಗೆ ಬೆಳಗಿನ ಬಿಸಿ ಉಪ್ಪಿಟ್ಟು, ಜೋಳದ ನುಚ್ಚು ಬಹಳ ದೊಡ್ಡದು. ಈರುಳ್ಳಿ ಬೆಳ್ಳುಳ್ಳಿಯ ಪ್ರಶ್ನೆಯೂ ಇಂಥದ್ದೇ. ಶಾಲೆಯ ಬಿಸಿಯೂಟದಲ್ಲಿ ಅಕ್ಷಯಪಾತ್ರದವರು ಅವನ್ನು ಬಳಸದಿರುವ ಬಗ್ಗೆ 2018-19ರಲ್ಲಿ ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು. ಬೇರೆ ಆಯ್ಕೆಯಿಲ್ಲದ ಮಗುವಿಗೆ ದಿನವೂ ಹಾಕುವ ಊಟದಲ್ಲಿ ಆ ಆಕ್ಷೇಪಕ್ಕೆ ತೂಕವಿದೆ. ಬಸದಿಯ ಒಲೆಯಲ್ಲಿ ಬಸದಿಯ ನಿಯಮದಂತೆ ಬೇಯಿಸಿ, ಬಂದವನಿಗೆ ರುಚಿಯಾಗುವಂತೆ ಬಡಿಸುವುದರಲ್ಲಿ ಆಕ್ಷೇಪಿಸತಕ್ಕದ್ದೇನೂ ಕಾಣದು. ನಿಯಮದ ನೆಪದಲ್ಲಿ ಸಪ್ಪೆ ಅಡುಗೆ ಮಾಡಿದರೆ ಮಾತ್ರ ಬೆಳವಲದ ಆ ತ್ರಿಪದಿ ಎದುರು ನಿಲ್ಲುತ್ತದೆ.

ಜನ್ಮವೃತ್ತಾಂತದ ತ್ರಿಪದಿಗಳ ಮಾತು ಉಳಿಯಿತು. ವಿದ್ವಾಂಸರು ಅವುಗಳ ಪ್ರಾಮಾಣ್ಯವನ್ನು ಸಂಶಯಿಸುತ್ತಾರೆ. ಕಥೆಯಾಗಿ ಮಾತ್ರ ಅವು ಗಮನಾರ್ಹ. ಕಾಶಿಯಾತ್ರೆಯಿಂದ ಮರಳುತ್ತಿದ್ದ ಮಾಸೂರಿನ ಬಸವರಸನಿಗೆ ಅಂಬಲೂರಿನ ಕುಂಬಾರಸಾಲೆಯಲ್ಲಿ ರಾತ್ರಿಯ ಆಸರೆ ದೊರೆಯಿತೆಂಬುದರಿಂದ ಸರ್ವಜ್ಞನ ಕಥೆ ಆರಂಭವಾಗುತ್ತದೆ. ಅನ್ನಕ್ಕಿಂತ ಮೊದಲು ಅಲ್ಲಿ ಬರುವುದು ಸೂರು. 2011ರ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಮಂದಿ ಮನೆಯಿಲ್ಲದವರೆಂದು ಎಣಿಕೆಯಾಯಿತು. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯಕೇಂದ್ರ ಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಅನ್ನದ ಪೊಟ್ಟಣ ಹಿಡಿದು ಹೋಗುವ ಯುವಕ ಮಂಡಳಗಳು ಮಳೆಗಾಲದಲ್ಲಿ ಎದುರಿಸುವ ಪ್ರಶ್ನೆಯೂ ಇದೇ: ಉಂಡವನು ಮಲಗುವುದೆಲ್ಲಿ? ಸಮಂತಭದ್ರರ ನಾಲ್ಕು ದಾನಗಳಲ್ಲಿ ಕೊನೆಯದಾದ ಆವಾಸವು ಟ್ರಸ್ಟುಗಳ ಮನವಿಪತ್ರದಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಹಲವು ಟ್ರಸ್ಟುಗಳ ಕಲ್ಯಾಣಮಂಟಪಗಳು ಆಷಾಢದಲ್ಲಿ, ಚಾತುರ್ಮಾಸದ ಮುಹೂರ್ತವಿಲ್ಲದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ಮಳೆ ಸುರಿಯುವುದೂ ಆಗಲೇ. ಹಿಂಭಾಗದ ಭೋಜನಶಾಲೆಯನ್ನು ಆ ರಾತ್ರಿಗಳಲ್ಲಿ ತೆರೆಯಬಹುದೆಂದರೆ ಧರ್ಮದರ್ಶಿಗಳು ಕೇಳುವುದು ಮೂರು ಪ್ರಶ್ನೆ: ಕಾವಲು ಯಾರು, ಶುಚಿ ಮಾಡುವವರು ಯಾರು, ಪೊಲೀಸರಿಗೆ ಉತ್ತರ ಕೊಡುವವರು ಯಾರು? ಮೂರೂ ನ್ಯಾಯವಾದ ಪ್ರಶ್ನೆಗಳು. ಒಬ್ಬ ಕಾವಲುಗಾರ, ಒಬ್ಬ ಕೆಲಸದಾಳಿನ ನಾಲ್ಕು ತಿಂಗಳ ಸಂಬಳ, ಠಾಣೆಗೂ ಪುರಸಭೆಗೂ ಮೊದಲೇ ಬರೆದುಕೊಡುವ ಒಂದು ಪತ್ರ, ಇಷ್ಟರಲ್ಲಿ ಮೂರಕ್ಕೂ ಉತ್ತರವಿದೆ. ಮುಂದಿನ ಚಂದಾಪಟ್ಟಿಯಲ್ಲಿ ಅಕ್ಕಿ, ಬೇಳೆ, ಎಣ್ಣೆಗಳ ಕೆಳಗೆ ಆ ಸಂಬಳಕ್ಕೂ ಒಂದು ಸಾಲು ಬರೆಯಬೇಕು.